ಒಂದೇ ಬೀದಿಯಲ್ಲಿ ಒಂದು ಸೈಕಲ್, ಒಂದು ಬೈಕು ಹೋದವು: ಉಳಿದವನ್ನು ಕಾಯುವುದು ಹೇಗೆ?

ಕುವೆಂಪುನಗರ ನಿವಾಸಿ, ಮೈಸೂರು | ಸೋಮವಾರ, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯಲ್ಲಿ ಇರುವುದು ಇಪ್ಪತ್ತೆರಡು ಮನೆ. ಹದಿನೈದು ದಿನಗಳಲ್ಲಿ ಎರಡು ಕಳವಾದವು. ಮೊದಲು ಹೋದದ್ದು ನನ್ನ ಮಗಳ ಸೈಕಲ್. ಏಳನೇ ತರಗತಿ ಓದುವ ಹುಡುಗಿ, ಸಂಜೆ ಮನೆಪಾಠಕ್ಕೆ ಹೋಗಿ ಗೇಟಿನ ಹೊರಗೆ ನಿಲ್ಲಿಸಿದ್ದಳು. ತಂತಿಯ ಬೀಗವನ್ನೂ ಹಾಕಿದ್ದಳು. ಒಂದೂವರೆ ಗಂಟೆ ಬಿಟ್ಟು ಹೊರಗೆ ಬಂದರೆ ಕತ್ತರಿಸಿದ ತಂತಿ ಮಾತ್ರ ನೆಲದ ಮೇಲಿತ್ತು. ಆ ತಂತಿಯನ್ನು ಮನೆಗೆ ತಂದು ಪುಸ್ತಕದ ಕಪಾಟಿನಲ್ಲಿ ಇಟ್ಟುಕೊಂಡಿದ್ದಾಳೆ, ಎಸೆಯಲು ಬಿಡುತ್ತಿಲ್ಲ.

ಕಳೆದ ಶುಕ್ರವಾರ ಬೆಳಗಿನ ಜಾವ ಎದುರು ಮನೆಯವರ ಬೈಕು ಹೋಯಿತು. ಅವರು ಮದುವೆ ಮನೆಗಳಿಗೆ ಅಡುಗೆಗೆ ಹೋಗುವವರು. ನಸುಕಿನ ಮೂರು ಗಂಟೆಗೆ ಹೊರಡುವ ದಿನಗಳೇ ಹೆಚ್ಚು, ಆ ಹೊತ್ತಿನಲ್ಲಿ ಬಸ್ಸು ಸಿಗುವುದಿಲ್ಲ, ಆಟೊಗೆ ಕೊಟ್ಟರೆ ಅರ್ಧ ಕೂಲಿ ಅಲ್ಲಿಗೇ ಹೋಗುತ್ತದೆ. ಒಂಬತ್ತು ವರ್ಷದ ಹಳೆಯ ಗಾಡಿ. ಹ್ಯಾಂಡಲ್ ಲಾಕ್ ಹಾಕಿದ್ದರು. ಮೂಲೆ ಮನೆಯ ಕ್ಯಾಮೆರಾದಲ್ಲಿ ಎಲ್ಲವೂ ದಾಖಲಾಗಿದೆ. ಇಬ್ಬರು ನಡೆದು ಬರುತ್ತಾರೆ. ಒಬ್ಬನು ಗಾಡಿಯ ಮೇಲೆ ಕುಳಿತು ಹ್ಯಾಂಡಲಿಗೆ ಕಾಲು ಕೊಟ್ಟು ಒಮ್ಮೆ ಬಲವಾಗಿ ಒದೆಯುತ್ತಾನೆ. ಅಷ್ಟೇ. ತಳ್ಳಿಕೊಂಡು ಹೋಗುತ್ತಾರೆ. ನಾನು ಗಡಿಯಾರ ಹಿಡಿದು ಎಣಿಸಿದೆ, ಒಂದು ನಿಮಿಷವೂ ಇಲ್ಲ. ಮುಖಗಳಿಗೆ ಬಟ್ಟೆ ಕಟ್ಟಿದ್ದಾರೆ, ಏನೂ ಗುರುತು ಸಿಗುವುದಿಲ್ಲ.

ಇನ್ನೊಂದು ಸಂಕಟವೂ ಇದೆ. ಆರ್‌ಸಿ ಮೂಲಪ್ರತಿ ಗಾಡಿಯ ಪಕ್ಕದ ಡಬ್ಬಿಯಲ್ಲೇ ಇತ್ತು. ನಂಬರ್ ಪ್ಲೇಟಿನ ಸಂಖ್ಯೆಯೊಂದನ್ನು ಬಿಟ್ಟರೆ ಅವರ ಕೈಯಲ್ಲಿ ಯಾವ ವಿವರವೂ ಇಲ್ಲ. ದಯವಿಟ್ಟು ತಿಳಿದವರು ಹೇಳಿ: ಈಗ ಏನು ಮಾಡಬೇಕು, ಬೀದಿಯಲ್ಲಿ ಉಳಿದ ಗಾಡಿಗಳನ್ನು ಹೇಗೆ ಕಾಯಬೇಕು?

ಗ್ಯಾರೇಜ್, ದಾವಣಗೆರೆ | ಸೋಮವಾರ, ರಾತ್ರಿ 10.25

ಸರ್, ನೀವು ಕ್ಯಾಮೆರಾದಲ್ಲಿ ನೋಡಿದ್ದನ್ನೇ ನಾನು ಇಪ್ಪತ್ತಾರು ವರ್ಷಗಳಿಂದ ರಿಪೇರಿಗೆ ಬರುವ ಗಾಡಿಗಳಲ್ಲಿ ನೋಡುತ್ತಿದ್ದೇನೆ. ಹ್ಯಾಂಡಲ್ ಲಾಕ್ ಎಂದರೆ ಒಳಗೆ ಒಂದು ಬೆರಳಿನಷ್ಟು ಚಿಕ್ಕ ಲೋಹದ ಕಡ್ಡಿ, ಅದು ಒಂದು ಗುಂಡಿಯಲ್ಲಿ ಕೂರುತ್ತದೆ. ಹ್ಯಾಂಡಲ್ ಉದ್ದವಾಗಿರುವುದರಿಂದ ತುದಿಗೆ ಬಿದ್ದ ಒದೆತದ ಬಲ ಪೂರ್ತಿ ಆ ಕಡ್ಡಿಯ ಮೇಲೆ ಬೀಳುತ್ತದೆ. ಅದು ಮುರಿಯುತ್ತದೆ ಅಥವಾ ಬಾಗುತ್ತದೆ. ಯಾವ ಕಂಪನಿಯ ಗಾಡಿಯಾದರೂ ಇದು ಹೀಗೆಯೇ. ಆಮೇಲೆ ಕೀ ಸ್ವಿಚ್ಚಿನ ಕೆಳಗಿನ ವೈರ್ ಎಳೆದು ಜೋಡಿಸಿದರೆ ಎಂಜಿನ್ ಶುರುವಾಗುತ್ತದೆ.

ಹಳೆಯ ಗಾಡಿಗಳಲ್ಲಿ ಇನ್ನೊಂದು ತೊಂದರೆ ಇದೆ. ಹತ್ತು ವರ್ಷ ತಿರುಗಿಸಿದ ಬೀಗದ ಒಳಗಿನ ಹಲ್ಲುಗಳು ಸವೆದಿರುತ್ತವೆ. ಸವೆದ ಬೀಗಕ್ಕೆ ಸವೆದ ಇನ್ನೊಂದು ಕೀ ಹಾಕಿ ಸ್ವಲ್ಪ ಅಲ್ಲಾಡಿಸಿದರೆ ತೆರೆದುಕೊಳ್ಳುತ್ತದೆ. ನನ್ನ ಅಂಗಡಿಗೆ ಬರುವವರಲ್ಲಿ ಎಷ್ಟೋ ಜನ "ಕೀ ಹಾಗೆಯೇ ಈಚೆ ಬರುತ್ತದೆ, ಗಾಡಿ ಓಡುತ್ತಲೇ ಇರುತ್ತದೆ" ಎಂದು ನಗುತ್ತಾ ಹೇಳುತ್ತಾರೆ. ನಗುವ ವಿಷಯವಲ್ಲ ಅದು. ಲಾಕ್ ಸೆಟ್ ಬದಲಾಯಿಸಿಕೊಳ್ಳಿ, ಹಳೆಯ ನೂರು ಸಿಸಿ ಗಾಡಿಗಳಿಗೆ ಅದೇನೂ ದೊಡ್ಡ ಖರ್ಚಲ್ಲ.

ನಾನು ಎಲ್ಲರಿಗೂ ಹೇಳುವುದು ಹೀಗೆ. ಮುಂದಿನ ಗಾಲಿಗೆ ಡಿಸ್ಕ್ ಬ್ರೇಕ್ ಇದ್ದರೆ ಡಿಸ್ಕ್ ಲಾಕ್ ಹಾಕಿ. ಇಲ್ಲದಿದ್ದರೆ ಹಿಂದಿನ ಗಾಲಿಗೆ ದಪ್ಪ ಸರಪಳಿ. ಸರಪಳಿಯನ್ನು ಬರಿಯ ಗಾಲಿಗೆ ಸುತ್ತಿದರೆ ಇಬ್ಬರು ಎತ್ತಿ ಆಟೊದಲ್ಲಿ ಹಾಕಿಕೊಂಡು ಹೋಗುತ್ತಾರೆ, ಆದ್ದರಿಂದ ಗೇಟಿನ ಕಂಬಕ್ಕೋ ಗೋಡೆಗೆ ಹೂತ ಕಬ್ಬಿಣದ ಬಳೆಗೋ ಸೇರಿಸಿ ಹಾಕಿ. ಡಿಸ್ಕ್ ಲಾಕ್ ಹಾಕಿದ್ದನ್ನು ಮರೆತು ಗಾಡಿ ಎಳೆದರೆ ಬಿದ್ದು ಏಟಾಗುತ್ತದೆ, ಅದಕ್ಕೆ ಹ್ಯಾಂಡಲಿನಿಂದ ಲಾಕಿಗೆ ಒಂದು ಬಣ್ಣದ ನೆನಪಿನ ದಾರ ಕಟ್ಟಿಕೊಳ್ಳಿ.

ಇನ್ನು ಗುಪ್ತ ಸ್ವಿಚ್. ಇಗ್ನಿಷನ್ ವೈರಿನಲ್ಲಿ ಒಂದು ಸಣ್ಣ ಸ್ವಿಚ್ ಕೂರಿಸಿ ಸೀಟಿನ ಕೆಳಗೋ ಟ್ಯಾಂಕಿನ ಮರೆಯಲ್ಲೋ ಅಡಗಿಸುತ್ತೇನೆ. ಅದು ಆಫ್ ಆಗಿದ್ದರೆ ವೈರ್ ಜೋಡಿಸಿದರೂ ಎಂಜಿನ್ ಹತ್ತುವುದಿಲ್ಲ. 2020ರ ಏಪ್ರಿಲ್ ನಂತರ ಬಂದ ಬಿಎಸ್ 6 (ಹೊಸ ಹೊಗೆ ನಿಯಮದ) ಗಾಡಿಗಳಲ್ಲಿ ಮಾತ್ರ ಇದನ್ನು ಯೋಚಿಸಿ ಮಾಡಬೇಕು. ಅವುಗಳಲ್ಲಿ ಸೆನ್ಸರ್‌ಗಳು ಹೆಚ್ಚು. ವಾರಂಟಿ ಇರುವಾಗ ವೈರ್ ಕತ್ತರಿಸಿದರೆ ವಾರಂಟಿ ಹೋಗಬಹುದು.

ಎರಡು ಗಾಲಿ, ಬೆಂಗಳೂರು | ಮಂಗಳವಾರ, ಬೆಳಿಗ್ಗೆ 6.50

ಮಗಳ ವಿಷಯ ಓದಿ ಬೇಸರವಾಯಿತು. ಮೊದಲನೆಯ ಸೈಕಲ್ ಹೋದಾಗ ನಾನೂ ಅವಳ ವಯಸ್ಸಿನವನೇ.

ಸೈಕಲ್ ಅಂಗಡಿಯಲ್ಲಿ ಗಾಡಿಯ ಜೊತೆ ಕೊಡುವ ತಂತಿ ಬೀಗದ ಬಗ್ಗೆ ಒಂದು ಮಾತು. ಮೇಲೆ ಬಣ್ಣದ ಪ್ಲಾಸ್ಟಿಕ್ ಇರುವುದರಿಂದ ಹೆಬ್ಬೆರಳಿನಷ್ಟು ದಪ್ಪ ಕಾಣುತ್ತದೆ. ಒಳಗಿರುವುದು ತೆಳುವಾದ ಎಳೆಗಳ ಹೆಣಿಗೆ. ಕೈಯಲ್ಲಿ ಹಿಡಿಯುವ ಕಟ್ಟರ್ ಸಾಕು, ಶಬ್ದವೂ ಆಗುವುದಿಲ್ಲ. ಅದು ಅಂಗಡಿಯ ಮುಂದೆ ಹಾಲಿನ ಪ್ಯಾಕೆಟ್ ತರುವಷ್ಟು ಹೊತ್ತಿಗೆ ಸರಿ. ಒಂದೂವರೆ ಗಂಟೆಗೆ ಅಲ್ಲವೇ ಅಲ್ಲ.

ಗಟ್ಟಿ ಉಕ್ಕಿನ ಯು ಲಾಕ್ ತೆಗೆದುಕೊಳ್ಳಿ. ತೆಗೆದುಕೊಂಡ ಮೇಲೆ ಹಾಕುವ ಕ್ರಮವನ್ನು ಮಗಳಿಗೆ ನಾಲ್ಕು ದಿನ ನಿಂತು ಕಲಿಸಿ, ಏಕೆಂದರೆ ಒಳ್ಳೆಯ ಬೀಗವನ್ನು ತಪ್ಪಾಗಿ ಹಾಕಿ ಸೈಕಲ್ ಕಳೆದುಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಮುಂದಿನ ಗಾಲಿಗೆ ಮಾತ್ರ ಬೀಗ ಹಾಕಿದರೆ ಗಾಲಿ ಬಿಟ್ಟು ಉಳಿದದ್ದು ಹೋಗುತ್ತದೆ. ಈಗಿನ ಎಷ್ಟೋ ಸೈಕಲ್‌ಗಳ ಮುಂದಿನ ಗಾಲಿಯನ್ನು ಯಾವ ಸಾಧನವೂ ಇಲ್ಲದೆ ಕೈಯಿಂದಲೇ ಬಿಚ್ಚಬಹುದು. ಬೀಗ ಹಿಂದಿನ ಗಾಲಿಯನ್ನೂ ಸೀಟಿನ ಕೆಳಗಿನ ಚೌಕಟ್ಟನ್ನೂ ಹಿಡಿದುಕೊಂಡು ಅಲುಗಾಡದ ಯಾವುದಾದರೂ ಕಂಬಿಯನ್ನು ಸುತ್ತಿರಬೇಕು. ಬೀಗದ ಒಳಗೆ ಖಾಲಿ ಜಾಗ ಕಡಿಮೆ ಉಳಿದಷ್ಟು ಒಳ್ಳೆಯದು, ಖಾಲಿ ಇದ್ದರೆ ಕಬ್ಬಿಣದ ಸಲಾಕೆ ತೂರಿಸಿ ಮೀಟುತ್ತಾರೆ. ಬೀಗ ನೆಲಕ್ಕೆ ತಾಗಿರಬಾರದು, ನೆಲದ ಮೇಲಿಟ್ಟು ಸುತ್ತಿಗೆಯಿಂದ ಹೊಡೆಯುವುದು ಸುಲಭ. ಗಿಡಕ್ಕೆ ಕಟ್ಟಬೇಡಿ. ಕುಳ್ಳಗಿನ ಫಲಕದ ಕಂಬಕ್ಕೂ ಬೇಡ, ಸೈಕಲನ್ನು ಮೇಲಕ್ಕೆತ್ತಿ ಕಂಬದ ತುದಿಯಿಂದ ಹೊರತೆಗೆಯುತ್ತಾರೆ.

ಲೋಹ ಕತ್ತರಿಸುವ ಬ್ಯಾಟರಿಯ ಗ್ರೈಂಡರ್ ತಂದರೆ ಯಾವ ಬೀಗವೂ ನಿಲ್ಲುವುದಿಲ್ಲ, ಅದು ನಿಜ. ಆದರೆ ಗ್ರೈಂಡರ್ ಕಿಡಿ ಹಾರಿಸುತ್ತದೆ, ಕಿರುಚುತ್ತದೆ. ಕಳ್ಳನಿಗೆ ಬೇಕಾಗಿರುವುದು ಮೌನ ಮತ್ತು ಮೂವತ್ತು ಸೆಕೆಂಡು. ಅವೆರಡನ್ನೂ ಅವನಿಗೆ ಕೊಡದಿದ್ದರೆ ನಮ್ಮ ಕೆಲಸ ಬಹುಪಾಲು ಆಯಿತು.

ನಾಲೆಬಯಲು, ಮಂಡ್ಯ | ಮಂಗಳವಾರ, ಮಧ್ಯಾಹ್ನ 1.15

ನೀವೆಲ್ಲ ಕಂಬ, ಗೇಟು ಎನ್ನುತ್ತೀರಿ. ನಮ್ಮ ಕಡೆ ತ್ರೀ ಫೇಸ್ ಕರೆಂಟು ರಾತ್ರಿ ಬರುವ ದಿನಗಳಲ್ಲಿ ಹನ್ನೊಂದು ಗಂಟೆಗೆ ಗದ್ದೆಗೆ ಹೋಗಬೇಕು. ಬೈಕು ನಾಲೆ ಏರಿಯ ಮೇಲೆ ನಿಲ್ಲುತ್ತದೆ, ನಾನು ಕಬ್ಬಿನ ಒಳಗೆ ನೀರು ತಿರುಗಿಸುತ್ತಿರುತ್ತೇನೆ. ಅಲ್ಲಿಂದ ಗಾಡಿ ಕಾಣುವುದೂ ಇಲ್ಲ, ಮೋಟಾರಿನ ಸದ್ದಿನಲ್ಲಿ ಏನೂ ಕೇಳಿಸುವುದೂ ಇಲ್ಲ. ನಮ್ಮ ಊರಿನಲ್ಲೇ ಮೂವರು ರೈತರು ಹೀಗೆ ಗಾಡಿ ಕಳೆದುಕೊಂಡಿದ್ದಾರೆ.

ನಾನು ಮಾಡುವುದು ಎರಡು ಕೆಲಸ. ಇಳಿದ ತಕ್ಷಣ ಸ್ಪಾರ್ಕ್ ಪ್ಲಗ್‌ನ ಟೋಪಿ ಕಿತ್ತು ಪ್ಲಗ್ಗನ್ನೂ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತೇನೆ, ಪಾನಾ ಸದಾ ಸೊಂಟದಲ್ಲಿರುತ್ತದೆ. ಟ್ರ್ಯಾಕ್ಟರ್ ಟ್ರೈಲರಿಗೆ ಬಳಸುವ ಸರಪಳಿಯನ್ನು ಹಿಂದಿನ ಗಾಲಿಯಿಂದ ತೆಂಗಿನ ಮರಕ್ಕೆ ಸುತ್ತಿ ದೊಡ್ಡ ಬೀಗ ಜಡಿಯುತ್ತೇನೆ. ಭಾರ ಎನ್ನುತ್ತಾರೆ. ಗಾಡಿ ಇಲ್ಲದೆ ಆರು ಮೈಲಿ ನಡೆದು ಡೈರಿಗೆ ಹಾಲು ಹಾಕಿದವನಿಗೆ ಅದು ಭಾರ ಅನಿಸುವುದಿಲ್ಲ.

ಬೇಸಿಗೆಯಲ್ಲಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ನಿಲ್ಲಿಸಿದಾಗ ಕೆಸರಿನಲ್ಲಿ ಬೈಕಿನ ಅಸ್ಥಿಪಂಜರಗಳು ಮೇಲೆ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಂಜಿನ್, ಗಾಲಿ, ಬ್ಯಾಟರಿ ಬಿಚ್ಚಿಕೊಂಡು ಉಳಿದ ಚೌಕಟ್ಟನ್ನು ನೀರಿಗೆ ತಳ್ಳಿರುತ್ತಾರೆ. ಯಾರದೋ ಸಾಲದ ಕಂತು ಇನ್ನೂ ಮುಗಿದಿರುವುದಿಲ್ಲ.

ನಿವೃತ್ತ ಮುಖ್ಯ ಪೇದೆ, ತುಮಕೂರು | ಮಂಗಳವಾರ, ರಾತ್ರಿ 8.30

ಕುವೆಂಪುನಗರದವರೇ, ಮೊದಲು ನಿಮ್ಮ ಎದುರು ಮನೆಯವರ ವಿಷಯ. ಶುಕ್ರವಾರ ಹೋದದ್ದಕ್ಕೆ ದೂರು ದಾಖಲಾಗಿದೆಯೇ? ನೀವು ಬರೆದಿಲ್ಲ. ಆಗಿಲ್ಲದಿದ್ದರೆ ಇದನ್ನು ಓದಿದ ಕೂಡಲೇ ಅವರನ್ನು ಕರೆದುಕೊಂಡು ಠಾಣೆಗೆ ಹೋಗಿ. "ಎರಡು ದಿನ ಹುಡುಕಿ ನೋಡೋಣ" ಎಂದು ಕಾಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಆ ಎರಡು ದಿನದಲ್ಲಿ ಗಾಡಿ ಜಿಲ್ಲೆ ದಾಟುತ್ತದೆ. ಅದನ್ನು ಬಳಸಿ ಸರ ಕಿತ್ತರೆ ಮೊದಲ ಪ್ರಶ್ನೆ ಬರುವುದು ಮಾಲೀಕರಿಗೆ.

2024ರ ಜುಲೈ 1ರಿಂದ ಹೊಸ ಕಾನೂನುಗಳು ಬಂದಿವೆ. ನಾನು ಕೆಲಸದಲ್ಲಿದ್ದಾಗ ಕಳವು ಎಂದರೆ ಐಪಿಸಿ 379. ಈಗ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ. ದೂರನ್ನು ವಿದ್ಯುನ್ಮಾನ ಮಾರ್ಗದಲ್ಲಿಯೂ ಕೊಡಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಕಳವು ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ಕೊಡಬಹುದು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ದಾಖಲಿಸಲು ಒಪ್ಪದಿದ್ದರೆ ಪೊಲೀಸ್ ವರಿಷ್ಠಾಧಿಕಾರಿಗೆ, ನಿಮ್ಮ ಮೈಸೂರಿನಂತಹ ಕಮಿಷನರೇಟ್ ಇರುವಲ್ಲಿ ಮೇಲಿನ ಅಧಿಕಾರಿಗೆ, ಬರವಣಿಗೆಯಲ್ಲಿ ಅಂಚೆ ಮೂಲಕ ಕಳುಹಿಸಿ. ಅದಕ್ಕೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ. ಹಿಂಬರಹ ಮಾತ್ರ ಕೊಟ್ಟು ಕಳುಹಿಸಿದರೆ ತೃಪ್ತರಾಗಬೇಡಿ. ಹಿಂಬರಹವೆಂದರೆ ಅರ್ಜಿ ತಲುಪಿದೆ ಎನ್ನುವ ಕಾಗದ, ಅದು ಎಫ್‌ಐಆರ್ ಅಲ್ಲ.

ಸೈಕಲ್ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ, ಇದನ್ನು ಬಹಳ ಜನ ಅರಿತಿಲ್ಲ. ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳವನ್ನು ಬೇರೆಯಾಗಿ ನೋಡುತ್ತಾರೆ. ಮೊದಲ ಸಲ ತಪ್ಪಿತಸ್ಥನಾದವನು ವಸ್ತುವನ್ನೋ ಬೆಲೆಯನ್ನೋ ಹಿಂದಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ. ಅಂತಹ ಪ್ರಕರಣ ಅಸಂಜ್ಞೇಯ ಪಟ್ಟಿಯಲ್ಲಿದೆ, ಅಂದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಆದ್ದರಿಂದ ಸೈಕಲಿನ ಬಿಲ್ಲು ಬಹಳ ಮುಖ್ಯ. ಎಂಟು ಸಾವಿರಕ್ಕೆ ಕೊಂಡ ಸೈಕಲನ್ನು "ಏನೋ ಹಳೆಯದು, ಮೂರು ಸಾವಿರ ಬಾಳುತ್ತದೆ" ಎಂದು ಬಾಯಿಗೆ ಬಂದ ಬೆಲೆ ಬರೆಯಬೇಡಿ. ಇನ್ನೂ ಎಷ್ಟು ಬಾಳುತ್ತಿತ್ತು ಎಂದು ಸೈಕಲ್ ಅಂಗಡಿಯವರನ್ನು ಕೇಳಿ, ಬಿಲ್ಲು ಲಗತ್ತಿಸಿ ಬರೆಯಿರಿ.

ಆರ್‌ಸಿ ಗಾಡಿಯಲ್ಲೇ ಹೋದದ್ದಕ್ಕೆ ಹೆದರಬೇಡಿ. ಮಾಲೀಕರ ಹೆಸರಿನಲ್ಲಿ ಸರಕಾರದ ಡಿಜಿಲಾಕರ್ ಆ್ಯಪ್ ತೆರೆದು ನಂಬರ್ ಪ್ಲೇಟಿನ ಸಂಖ್ಯೆಯನ್ನೂ ಗಾಡಿಯ ಚೌಕಟ್ಟಿನಲ್ಲಿ ಕೊರೆದಿರುವ ಚಾಸಿಸ್ ಸಂಖ್ಯೆಯನ್ನೂ ಹಾಕಿದರೆ ಆರ್‌ಸಿ ಅಲ್ಲಿ ಬರುತ್ತದೆ. ವಿಮೆಯ ಹಳೆಯ ಪಾಲಿಸಿ ಕಾಗದ ಎಲ್ಲಾದರೂ ಇದ್ದೇ ಇರುತ್ತದೆ, ಅದರಲ್ಲಿ ಚಾಸಿಸ್ ಸಂಖ್ಯೆಯೂ ಎಂಜಿನ್ ಸಂಖ್ಯೆಯೂ ಇರುತ್ತವೆ. ದೂರಿನಲ್ಲಿ ಆ ಎರಡನ್ನೂ ತಪ್ಪದೆ ಬರೆಸಿ. ಕಳ್ಳನು ಮೊದಲು ಬಿಸಾಡುವುದೇ ನಂಬರ್ ಪ್ಲೇಟನ್ನು. ಠಾಣೆಯ ಅಂಗಳದಲ್ಲಿ ಪ್ಲೇಟಿಲ್ಲದ ನೂರು ಗಾಡಿ ನಿಂತಿರುತ್ತವೆ, ಅವುಗಳ ಮಾಲೀಕರನ್ನು ಹುಡುಕಲು ನಮಗೆ ಇದ್ದ ಒಂದೇ ದಾರಿ ಚಾಸಿಸ್ ಸಂಖ್ಯೆ.

ಕುವೆಂಪುನಗರ ನಿವಾಸಿ, ಮೈಸೂರು | ಮಂಗಳವಾರ, ರಾತ್ರಿ 9.05

ಸರ್, ನೀವು ಹೇಳಿದ್ದು ಸರಿ. ಹಿಂಬರಹವನ್ನೇ ಎಫ್‌ಐಆರ್ ಎಂದುಕೊಂಡು ಮಡಚಿ ಇಟ್ಟುಕೊಂಡಿದ್ದಾರೆ. ನಾಳೆ ಬೆಳಿಗ್ಗೆಯೇ ಜೊತೆಗೆ ಹೋಗುತ್ತೇನೆ. ಪಾಲಿಸಿಯ ಕಾಗದ ಅವರ ಮನೆಯ ದೇವರ ಗೂಡಿನಲ್ಲಿ ಪಂಚಾಂಗದ ಜೊತೆ ಸಿಕ್ಕಿತು. ಸಂಖ್ಯೆಗಳು ಸ್ಪಷ್ಟವಾಗಿವೆ.

ಸೈಕಲಿನ ಚೌಕಟ್ಟಿಗೂ ಹೀಗೆಯೇ ಒಂದು ಸಂಖ್ಯೆ ಇರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಬಿಲ್ಲಿನಲ್ಲಿ ಅದನ್ನು ಬರೆದಿಲ್ಲ.

ಹಳೆಯ ಬಿಲ್ಲೆ, ಧಾರವಾಡ | ಬುಧವಾರ, ಬೆಳಿಗ್ಗೆ 7.30

ನನಗೆ ಈಗ ಎಪ್ಪತ್ತನಾಲ್ಕು. ನಾವು ಹುಡುಗರಿದ್ದಾಗ ಸೈಕಲಿಗೆ ಪುರಸಭೆಯವರು ಬಿಲ್ಲೆ ಕೊಡುತ್ತಿದ್ದರು. ವರ್ಷ ವರ್ಷ ತೆರಿಗೆ ಕಟ್ಟಿ ಹೊಸ ಬಿಲ್ಲೆ ತಂದು ಚೌಕಟ್ಟಿಗೆ ಬಿಗಿಯಬೇಕಾಗಿತ್ತು. ಬಿಲ್ಲೆ ಇಲ್ಲದವರನ್ನು, ರಾತ್ರಿ ದೀಪ ಇಲ್ಲದವರನ್ನು ಪೊಲೀಸರು ನಿಲ್ಲಿಸುತ್ತಿದ್ದರು. ಆಗ ನಮಗೆ ಅದು ಕಿರುಕುಳ ಎನಿಸುತ್ತಿತ್ತು. ಈಗ ಯೋಚಿಸಿದರೆ, ಸೈಕಲಿಗೂ ಒಬ್ಬ ಮಾಲೀಕನಿದ್ದಾನೆ ಎಂದು ಸರಕಾರದ ಪುಸ್ತಕದಲ್ಲಿ ಬರೆದಿರುತ್ತಿತ್ತು. ಇಂದು ಇಪ್ಪತ್ತು ಸಾವಿರದ ಸೈಕಲಿಗೂ ಆ ಮರ್ಯಾದೆ ಇಲ್ಲ.

2006-07ರಲ್ಲಿ ರಾಜ್ಯ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದಾಗ ನಾನು ಹಳ್ಳಿಯ ಪ್ರೌಢಶಾಲೆಯಲ್ಲಿ ಮಾಸ್ತರನಾಗಿದ್ದೆ. ಎಲ್ಲ ಸೈಕಲ್‌ಗಳೂ ಒಂದೇ ಬಣ್ಣ, ಒಂದೇ ಅಳತೆ. ಸಂಜೆ ಗಂಟೆ ಹೊಡೆದರೆ ಯಾರದು ಯಾವುದು ಎಂದು ಜಗಳ. ಒಂದು ದಿನ ನಾನೇ ಬಿಳಿ ಬಣ್ಣದ ಡಬ್ಬಿ ತರಿಸಿ ಹಿಂದಿನ ಮಡ್‌ಗಾರ್ಡಿನ ಮೇಲೆ ಪ್ರತಿ ಮಗುವಿನ ಹಾಜರಿ ಸಂಖ್ಯೆಯನ್ನೂ ಊರಿನ ಹೆಸರನ್ನೂ ಬರೆಸಿದೆ. ಆಮೇಲೆ ಜಗಳ ನಿಂತಿತು. ಒಂದು ಸೈಕಲ್ ಸಂತೆಯಲ್ಲಿ ಕಳೆದಾಗ, ಹದಿನಾಲ್ಕು ಮೈಲಿ ದೂರದ ಊರಿನ ಪಂಚರ್ ಅಂಗಡಿಯವನು ಮಡ್‌ಗಾರ್ಡ್ ಓದಿ ಶಾಲೆಗೆ ಹೇಳಿ ಕಳುಹಿಸಿದ. ಬಣ್ಣದಲ್ಲಿ ಬರೆದ ಗುರುತನ್ನು ಕೆರೆದು ತೆಗೆಯಬಹುದು, ಆದರೆ ಕೆರೆದ ಸೈಕಲ್ ತಾನೇ ಮಾತನಾಡುತ್ತದೆ.

ವಿಮಾ ಸಮೀಕ್ಷಕಿ, ಹುಬ್ಬಳ್ಳಿ | ಬುಧವಾರ, ರಾತ್ರಿ 9.40

ವಿಮೆಯ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಈ ಕೆಲಸದಲ್ಲಿ ನನಗೆ ಅತ್ಯಂತ ಕಷ್ಟವಾಗುವುದು, ಎದುರಿಗೆ ಕುಳಿತವರಿಗೆ "ನಿಮ್ಮ ಪಾಲಿಸಿಯಲ್ಲಿ ಕಳವಿಗೆ ರಕ್ಷಣೆ ಇಲ್ಲ" ಎಂದು ಹೇಳುವುದು. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಹಣವನ್ನೂ ಕಟ್ಟಿರುತ್ತಾರೆ. ಆದರೂ ಕೈಗೆ ಏನೂ ಬರುವುದಿಲ್ಲ.

ಕಾರಣ ಹೀಗಿದೆ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನ ಕೊಳ್ಳುವಾಗ ಐದು ವರ್ಷದ ಮೂರನೇ ವ್ಯಕ್ತಿ ವಿಮೆ ಕಡ್ಡಾಯ. ಶೋರೂಮಿನಲ್ಲಿ "ಐದು ವರ್ಷ ವಿಮೆ ಇದೆ" ಎಂದು ಕೇಳಿಸಿಕೊಂಡು ಜನ ನಿಶ್ಚಿಂತರಾಗುತ್ತಾರೆ. ಆ ಐದು ವರ್ಷದ್ದು ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಮಾತ್ರ. ನಿಮ್ಮ ಗಾಡಿಯೇ ಕಳವಾದರೆ ಪರಿಹಾರ ಕೊಡುವುದು ಸ್ವಂತ ಹಾನಿಯ ವಿಭಾಗ, ಸಾಮಾನ್ಯವಾಗಿ ಅದು ಒಂದೇ ವರ್ಷಕ್ಕೆ ಇರುತ್ತದೆ. ಎರಡನೆಯ ವರ್ಷ ಅದನ್ನು ನೀವಾಗಿಯೇ ನವೀಕರಿಸಬೇಕು. ಇದನ್ನು ಓದುತ್ತಿರುವವರು ದಯವಿಟ್ಟು ಈಗಲೇ ಪಾಲಿಸಿ ತೆಗೆದು ಎರಡೂ ದಿನಾಂಕಗಳನ್ನು ನೋಡಿ.

ಸಿಗುವ ಹಣ ಎಂದರೆ ಪಾಲಿಸಿಯಲ್ಲಿ ನಮೂದಾದ ಘೋಷಿತ ಮೌಲ್ಯ, ಐಡಿವಿ ಎನ್ನುತ್ತಾರೆ. ಗಾಡಿಗೆ ವಯಸ್ಸಾದಂತೆ ಅದು ಇಳಿಯುತ್ತದೆ: ಆರು ತಿಂಗಳಿನಿಂದ ಒಂದು ವರ್ಷದವರೆಗೆ ಶೇ 15 ಕಡಿತ, ಎರಡನೆಯ ವರ್ಷ 20, ಮೂರನೆಯದು 30, ನಾಲ್ಕನೆಯದು 40, ಐದನೆಯದು 50. ಕಂತು ಉಳಿಸಲೆಂದು ಮೌಲ್ಯವನ್ನು ಇನ್ನೂ ಇಳಿಸಿ ಬರೆಸಬೇಡಿ.

ಕ್ಲೇಮಿಗೆ ಎಫ್‌ಐಆರ್, ಆರ್‌ಸಿ, ಪಾಲಿಸಿ, ಎರಡೂ ಮೂಲ ಕೀಗಳು, ಕೊನೆಗೆ ಗಾಡಿ ಪತ್ತೆಯಾಗಿಲ್ಲ ಎಂಬ ಪೊಲೀಸರ ವರದಿ ಬೇಕು. ನಮ್ಮ ರಾಜ್ಯದಲ್ಲಿ ಅದನ್ನು ಸಿ ರಿಪೋರ್ಟ್ ಎನ್ನುತ್ತಾರೆ. ಎರಡನೆಯ ಕೀಯ ಬಗ್ಗೆ ಎಷ್ಟು ಹೇಳಿದರೂ ಸಾಲದು. ಒಂದನ್ನು ಎಲ್ಲೋ ಕಳೆದುಕೊಂಡಿದ್ದರೆ "ಕೀ ಗಾಡಿಯಲ್ಲೇ ಬಿಟ್ಟಿದ್ದರೇನೋ" ಎಂಬ ಪ್ರಶ್ನೆ ಹುಟ್ಟುತ್ತದೆ, ಅಲ್ಲಿಂದ ಕ್ಲೇಮು ತೊಡಕಿಗೆ ಬೀಳುತ್ತದೆ. ಮನೆಗೆ ಗಾಡಿ ತಂದ ದಿನವೇ ಎರಡನೆಯ ಕೀಯನ್ನು ಬೀರುವಿನಲ್ಲಿಟ್ಟುಬಿಡಿ.

ವಿಮಾ ಕಂಪನಿಗೆ ಅದೇ ದಿನ ತಿಳಿಸಿ. ಆದರೆ ತಡವಾಯಿತೆಂದು ಕೈಬಿಡಬೇಡಿ. ಪೊಲೀಸ್ ದೂರು ತಕ್ಷಣ ಆಗಿದ್ದು ಕಳವು ನಿಜವಾಗಿದ್ದರೆ, ಕಂಪನಿಗೆ ತಿಳಿಸುವುದು ತಡವಾಯಿತು ಎಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ ಹೇಳಿದೆ.

ಹಾಸ್ಟೆಲ್ ಹುಡುಗಿ, ಮಣಿಪಾಲ | ಗುರುವಾರ, ಸಂಜೆ 5.20

ಸೈಕಲಿನ ಸೀಟಿನ ಕೆಳಗೆ, ಫೋನಿನಲ್ಲಿ ಜಾಗ ತೋರಿಸುವ ಪುಟ್ಟ ಸಾಧನವಾದ ಏರ್‌ಟ್ಯಾಗ್ ಅಂಟಿಸಿದರೆ ಸಾಕೇ? ಗೆಳತಿಯೊಬ್ಬಳು ಹಾಗೆ ಮಾಡಿದ್ದಾಳೆ.

ಎರಡು ಗಾಲಿ, ಬೆಂಗಳೂರು | ಗುರುವಾರ, ಸಂಜೆ 6.00

ಬೀಗದ ಜೊತೆಗೆ ಇದ್ದರೆ ಒಳ್ಳೆಯದು, ಬೀಗದ ಬದಲಿಗೆ ಬೇಡ. ಅದರಲ್ಲಿ ಜಿಪಿಎಸ್ ಇಲ್ಲ. ಹತ್ತಿರ ಹಾದುಹೋಗುವ ಐಫೋನ್‌ಗಳು ಬ್ಲೂಟೂತ್ ಮೂಲಕ ಅದನ್ನು ಗುರುತಿಸಿ ಜಾಗ ತಿಳಿಸುತ್ತವೆ. ಐಫೋನ್ ಹೆಚ್ಚು ಇರುವ ಕ್ಯಾಂಪಸ್ಸಿನಲ್ಲಿ ಚೆನ್ನಾಗಿ ನಡೆಯುತ್ತದೆ, ಮಂಡ್ಯದ ಅಣ್ಣನವರ ಕಬ್ಬಿನ ಗದ್ದೆಯಲ್ಲಿ ನಡೆಯುವುದಿಲ್ಲ. ಇನ್ನೊಂದು ವಿಷಯ, ಯಾರನ್ನೂ ಗುಟ್ಟಾಗಿ ಹಿಂಬಾಲಿಸಬಾರದೆಂದು ಅಪರಿಚಿತ ಟ್ಯಾಗ್ ಜೊತೆಗೆ ಚಲಿಸುತ್ತಿದ್ದರೆ ಫೋನ್ ಎಚ್ಚರಿಸುತ್ತದೆ. ಕಳ್ಳನಿಗೂ ಆ ಎಚ್ಚರಿಕೆ ಬರಬಹುದು. ಬೈಕಿಗಾದರೆ ಸಿಮ್ ಇರುವ ಜಿಪಿಎಸ್ ಸಾಧನ ಉತ್ತಮ, ಗಾಡಿಯ ಬ್ಯಾಟರಿಯಿಂದಲೇ ನಡೆಯುತ್ತದೆ.

ನಿವೃತ್ತ ಮುಖ್ಯ ಪೇದೆ, ತುಮಕೂರು | ಗುರುವಾರ, ಸಂಜೆ 6.45

ಮಗಳೇ, ನಕ್ಷೆಯಲ್ಲಿ ಜಾಗ ಕಂಡರೂ ಒಬ್ಬಳೇ ಹೋಗಬೇಡ. ಗೆಳತಿಯರ ಜೊತೆಗೂ ಬೇಡ. 112ಕ್ಕೆ ಕರೆ ಮಾಡಿ ಜಾಗ ತೋರಿಸು.

ರಿಂಗ್ ರಸ್ತೆ ಸವಾರ, ಬೆಂಗಳೂರು | ಗುರುವಾರ, ರಾತ್ರಿ 10.15

ಪೊಲೀಸ್, ವಿಮೆ ಎಲ್ಲ ಆಮೇಲೆ. ಕೈಗೆ ಸಿಕ್ಕಿದವನಿಗೆ ಬೀದಿಯವರೇ ಸೇರಿ ನಾಲ್ಕು ಬಾರಿಸಿದರೆ ಮತ್ತೆ ಆ ಕಡೆ ಯಾರೂ ಸುಳಿಯುವುದಿಲ್ಲ. ನನ್ನ ಗಾಡಿ ಎರಡು ಸಲ ಹೋಗಿದೆ, ಆ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ.

ಶುಶ್ರೂಷಕಿ, ಶಿವಮೊಗ್ಗ | ಗುರುವಾರ, ರಾತ್ರಿ 11.30

ನಿಮ್ಮ ಸಿಟ್ಟು ಅರ್ಥವಾಗುತ್ತದೆ ಸರ್. ಆದರೆ ನಾನು ತುರ್ತು ವಿಭಾಗದಲ್ಲಿ ರಾತ್ರಿ ಪಾಳಿ ಮಾಡುವವಳು. ಬೈಕ್ ಕಳ್ಳನೆಂದು ಜನ ಹೊಡೆದು ತಂದ ಹುಡುಗನೊಬ್ಬನನ್ನು ನೋಡಿದ್ದೇನೆ. ಅವನು ಕತ್ತಲೆಯಲ್ಲಿ ತನ್ನದೇ ಬಣ್ಣದ, ತನ್ನದೇ ಮಾದರಿಯ ಬೇರೆಯವರ ಗಾಡಿಗೆ ಕೀ ಹಾಕಿದ್ದನಷ್ಟೇ. ದಾವಣಗೆರೆಯ ಅಣ್ಣ ಹೇಳಿದ ಹಾಗೆ ಸವೆದ ಬೀಗ ತೆರೆದುಕೊಂಡಿತ್ತು. ಅವನ ಗಾಡಿ ನಾಲ್ಕು ಗಾಡಿಗಳ ಆಚೆ ನಿಂತಿತ್ತು. ಅವನ ಎಡಗಣ್ಣಿನ ದೃಷ್ಟಿ ಮರಳಲಿಲ್ಲ. ಹೊಡೆದವರಲ್ಲಿ ಯಾರೂ ಆಸ್ಪತ್ರೆಯವರೆಗೆ ಬರಲಿಲ್ಲ.

ರಿಂಗ್ ರಸ್ತೆ ಸವಾರ, ಬೆಂಗಳೂರು | ಶುಕ್ರವಾರ, ಬೆಳಿಗ್ಗೆ 8.00

ಅಮ್ಮ, ನಾನು ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಇಬ್ಬರು ಮಕ್ಕಳ ತಾಯಿ, ಬೆಳಗಾವಿ | ಶುಕ್ರವಾರ, ಮಧ್ಯಾಹ್ನ 2.40

ನಾನು ಬೇರೆ ಕಡೆಯಿಂದ ಬಂದ ಕಥೆ ಹೇಳಬೇಕು. ಹೋದ ವರ್ಷ ಮಗನಿಗೆ ಹಳೆಯ ಸೈಕಲ್ ಕೊಂಡೆ. ಹೊಸದಕ್ಕೆ ಹದಿನಾಲ್ಕು ಸಾವಿರ ಆಗುವುದು ನಾಲ್ಕು ಸಾವಿರಕ್ಕೆ ಸಿಕ್ಕಿತು. ಮಾರಿದವನು "ತಮ್ಮ ಬೆಂಗಳೂರಿಗೆ ಹೋದ, ಉಪಯೋಗವಿಲ್ಲ" ಎಂದ. ನಾನು ಹೆಚ್ಚು ಕೇಳಲಿಲ್ಲ. ಕೇಳದಿರುವುದೇ ನನಗೆ ಅನುಕೂಲವಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಎರಡು ತಿಂಗಳ ನಂತರ ಶಾಲೆಯ ಗೇಟಿನಲ್ಲಿ ಇನ್ನೊಬ್ಬ ಹುಡುಗ ಬಂದು ಸರಳಿನ ಕೆಳಗಿದ್ದ ಗೀರನ್ನು ತೋರಿಸಿ "ಇದು ನನ್ನದು, ಅಜ್ಜಿ ಕೊಡಿಸಿದ್ದು" ಎಂದನಂತೆ. ಅವನ ಮನೆಯಲ್ಲಿ ಆ ಗೀರು ಕಾಣುವ ಫೋಟೊ ಇತ್ತು. ನಾವು ಠಾಣೆಗೆ ಹೋಗಿ ಒಪ್ಪಿಸಿದೆವು. ನನ್ನ ಮಗ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತನಾಡಲಿಲ್ಲ. ಸೈಕಲ್ ಹೋಯಿತೆಂದಲ್ಲ, ಗೆಳೆಯರ ಎದುರು ಕಳ್ಳ ಮಾಲಿನ ಮೇಲೆ ಕುಳಿತಿದ್ದೆ ಎಂದು.

ಅರ್ಧ ಬೆಲೆಗೂ ಕಡಿಮೆಗೆ ಬಂದದ್ದನ್ನು ಕೊಳ್ಳುವ ನನ್ನಂಥವರು ಇರುವುದರಿಂದಲೇ ಅಲ್ಲವೇ ಆ ಹುಡುಗಿಯ ಬೀಗದ ತಂತಿ ಕತ್ತರಿಸಿದ್ದು?

ನಿವೃತ್ತ ಮುಖ್ಯ ಪೇದೆ, ತುಮಕೂರು | ಶುಕ್ರವಾರ, ಸಂಜೆ 4.10

ತಾಯೀ, ಹೋಗಿ ಒಪ್ಪಿಸಿದಿರಲ್ಲ, ದೊಡ್ಡ ಕೆಲಸ ಮಾಡಿದಿರಿ. ಕಳವಿನ ಮಾಲೆಂದು ತಿಳಿದೂ ಕೊಂಡರೆ ಅದು ಪ್ರತ್ಯೇಕ ಅಪರಾಧ, ನ್ಯಾಯ ಸಂಹಿತೆಯ 317ನೇ ಕಲಂ. ಹಳೆಯ ಬೈಕು ಕೊಳ್ಳುವವರು ಗಾಡಿಯ ಮೇಲೆ ಕೊರೆದ ಚಾಸಿಸ್ ಸಂಖ್ಯೆಯನ್ನು ಬೆರಳಿಟ್ಟು ಓದಿ ಆರ್‌ಸಿಯ ಜೊತೆ ಹೋಲಿಸಿ. ಹದಿನೇಳು ಅಕ್ಷರ ಅಂಕಿಗಳು ಇರುತ್ತವೆ. ಸುತ್ತಮುತ್ತ ಉಜ್ಜಿದ ಅಥವಾ ಹೊಸ ಬಣ್ಣ ಬಳಿದ ಗುರುತಿದ್ದರೆ ಅಲ್ಲಿಂದ ಹೊರಟುಬಿಡಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಡಿಜಿಟಲ್ ಪೊಲೀಸ್ ತಾಣದಲ್ಲಿ ಗಾಡಿಯ ಸಂಖ್ಯೆಗಳನ್ನು ಹಾಕಿ, ಅದು ಯಾವುದಾದರೂ ಕಳವು ಪ್ರಕರಣದಲ್ಲಿ ಇದೆಯೇ ಎಂದು ನೋಡಬಹುದು. 2019ರ ಏಪ್ರಿಲ್ ನಂತರದ ಗಾಡಿಯಾದರೆ ಪ್ಲೇಟಿನಲ್ಲಿ ಅಶೋಕ ಚಕ್ರದ ಹೊಲೊಗ್ರಾಮ್, ಲೇಸರ್‌ನಲ್ಲಿ ಕೊರೆದ ಗುರುತಿನ ಸಂಖ್ಯೆ ಇರಬೇಕು. ಆ ಪ್ಲೇಟನ್ನು ಕೂರಿಸುವ ಲಾಕ್ ಒಡೆಯದೆ ಬಿಚ್ಚಲು ಬರುವುದಿಲ್ಲ. ಸಾಮಾನ್ಯ ಬೋಲ್ಟಿನಲ್ಲಿ ಬಿಗಿದಿದ್ದರೆ ಕಾರಣ ಕೇಳಿ.

ಕಾಲುವೆ ದಂಡೆ, ಉಟ್ರೆಕ್ಟ್ | ಶನಿವಾರ, ಬೆಳಿಗ್ಗೆ 11.00

ನೆದರ್‌ಲ್ಯಾಂಡ್ಸಿನಲ್ಲಿ ಒಂಬತ್ತು ವರ್ಷಗಳಿಂದ ಇದ್ದೇನೆ, ಹಾಸನದವನು. ಸೈಕಲ್ಲಿಗೆ ಇಷ್ಟು ಗೌರವ ಇರುವ ದೇಶದಲ್ಲಿಯೂ ಕಳವು ನಿಂತಿಲ್ಲ. ನನ್ನದೇ ಎರಡು ಹೋಗಿವೆ. ಇಲ್ಲಿಯ ರೂಢಿ ಏನೆಂದರೆ ಎರಡು ಬೀಗ: ಹಿಂದಿನ ಗಾಲಿಗೆ ಚೌಕಟ್ಟಿನಲ್ಲೇ ಕೂರಿಸಿದ ಬಳೆ ಬೀಗ, ಜೊತೆಗೆ ಕಂಬಿಗೆ ಸರಪಳಿ. ನಮ್ಮ ಊರಿನ ಹಳೆಯ ಕರಿ ಸೈಕಲ್‌ಗಳಲ್ಲಿದ್ದ ಬೀಗವೇ ಅದು ಎಂದು ಮೊದಲ ದಿನವೇ ಗುರುತಿಸಿದೆ.

ಬೀಗಕ್ಕಿಂತ ಹೆಚ್ಚು ನನಗೆ ಹಿಡಿಸಿದ್ದು ನಿಲ್ಲಿಸುವ ಜಾಗ. ಉಟ್ರೆಕ್ಟ್ ನಿಲ್ದಾಣದ ಕೆಳಗೆ 12,500 ಸೈಕಲ್ ನಿಲ್ಲುವ ನಿಲುಗಡೆ ಇದೆ. ಕಾವಲಿದೆ, ಮೊದಲ 24 ಗಂಟೆ ಉಚಿತ. ಹಳೆಯ ಸೈಕಲ್ ಕೊಳ್ಳುವ ಮುನ್ನ ಚೌಕಟ್ಟಿನ ಸಂಖ್ಯೆ ಹಾಕಿ ಅದು ಕಳವಾದದ್ದೇ ಎಂದು ಯಾರು ಬೇಕಾದರೂ ನೋಡಬಹುದು. ಧಾರವಾಡದ ಮಾಸ್ತರು ಹೇಳಿದ ಬಿಲ್ಲೆಯ ಕೆಲಸವನ್ನು ಇಲ್ಲಿ ಆ ಸಂಖ್ಯೆ ಮಾಡುತ್ತಿದೆ.

ಕುವೆಂಪುನಗರ ನಿವಾಸಿ, ಮೈಸೂರು | ಮೂರು ವಾರಗಳ ನಂತರ, ಭಾನುವಾರ, ಸಂಜೆ 7.15

ಎಲ್ಲರಿಗೂ ತಿಳಿಸಬೇಕಾದ ಸುದ್ದಿ ಇದೆ. ಎದುರು ಮನೆಯವರ ಬೈಕು ಸಿಕ್ಕಿತು. ನಂಜನಗೂಡು ರಸ್ತೆಯ ಪಕ್ಕ ಪೊದೆಯ ಹಿಂದೆ, ಪೆಟ್ರೋಲ್ ಖಾಲಿಯಾದ ಕಡೆ ಬಿಟ್ಟು ಹೋಗಿದ್ದಾರೆ. ಬ್ಯಾಟರಿ ಇಲ್ಲ, ಸೀಟು ಇಲ್ಲ, ಎರಡೂ ನಂಬರ್ ಪ್ಲೇಟು ಇಲ್ಲ. ಚಾಸಿಸ್ ಸಂಖ್ಯೆ ಎಫ್‌ಐಆರ್‌ನಲ್ಲಿ ಇದ್ದದ್ದರಿಂದ ಮಾತ್ರ ಠಾಣೆಯಿಂದ ಕರೆ ಬಂತು. ತುಮಕೂರಿನ ಹಿರಿಯರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆ. ಗಾಡಿ ಈಗ ಠಾಣೆಯ ಅಂಗಳದಲ್ಲಿದೆ. ಬಿಡಿಸಿಕೊಳ್ಳಲು ನ್ಯಾಯಾಲಯಕ್ಕೆ ಅರ್ಜಿ ಹಾಕಿದ್ದೇವೆ. ವಕೀಲರು ಹೇಳಿದ ಪ್ರಕಾರ, ವಶಪಡಿಸಿಕೊಂಡ ವಾಹನಗಳನ್ನು ಠಾಣೆಯಲ್ಲಿ ಮಳೆ ಬಿಸಿಲಿಗೆ ಬಹುಕಾಲ ಬಿಡಬಾರದು, ಮುಚ್ಚಳಿಕೆ ಬರೆಸಿಕೊಂಡು ಮಾಲೀಕರಿಗೆ ಕೊಡಬೇಕು ಎಂದು 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮುಂದಿನ ವಾರ ಆದೇಶ ಬರಬಹುದು. ಅಲ್ಲಿಯವರೆಗೆ ನಸುಕಿನಲ್ಲಿ ನನ್ನ ಸ್ಕೂಟರನ್ನು ಅವರಿಗೆ ಕೊಡುತ್ತಿದ್ದೇನೆ.

ಮಗಳ ಸೈಕಲ್ ಸಿಕ್ಕಿಲ್ಲ.

ಈ ಬೆಳಿಗ್ಗೆ ಬೀದಿಯ ಮಕ್ಕಳನ್ನೆಲ್ಲ ಸೇರಿಸಿ ಸೈಕಲ್‌ಗಳನ್ನು ತಲೆಕೆಳಗೆ ನಿಲ್ಲಿಸಿ, ಚೌಕಟ್ಟಿನ ಸಂಖ್ಯೆ ಹುಡುಕಿ ಒಂದು ಪುಸ್ತಕದಲ್ಲಿ ಬರೆದೆವು. ಹದಿನೇಳು ಸೈಕಲ್, ಪ್ರತಿಯೊಂದಕ್ಕೂ ಮೂರು ಫೋಟೊ. ಬರೆದವಳು ನನ್ನ ಮಗಳು. ನಾಲ್ಕು ಮನೆಗಳ ಗೋಡೆಗೆ ಗಾರೆಯವರನ್ನು ಕರೆಸಿ ಕಬ್ಬಿಣದ ಬಳೆ ಹೂಳಿಸಿದ್ದೇವೆ. ಒಂದು ಪ್ರಶ್ನೆ ಉಳಿದಿದೆ. ಮೂಲೆ ಮನೆಯ ಅಜ್ಜನ ಹಳೆಯ ಕರಿ ಸೈಕಲಿನ ಅಡಿಯಲ್ಲಿ ಎಷ್ಟು ಹುಡುಕಿದರೂ ಸಂಖ್ಯೆ ಸಿಗಲಿಲ್ಲ. ಅವರು ಐವತ್ತು ವರ್ಷದಿಂದ ಓಡಿಸುತ್ತಿದ್ದಾರಂತೆ. ಎಲ್ಲಿ ನೋಡಬೇಕು?

ಗ್ಯಾರೇಜ್, ದಾವಣಗೆರೆ | ಭಾನುವಾರ, ರಾತ್ರಿ 8.00

ಪೆಡಲ್ ಅಚ್ಚಿನ ಕೊಳವೆಯ ಕೆಳಗೆ ಇಲ್ಲದಿದ್ದರೆ ಸೀಟಿನ ಕಂಬ ಇಳಿಯುವ ಕೊಳವೆಯ ಮೇಲ್ತುದಿ ನೋಡಿ ಸರ್. ಸೀಟಿನ ಬಿಗಿಯುವ ಪಟ್ಟಿ ಅದನ್ನು ಮುಚ್ಚಿಕೊಂಡಿರುತ್ತದೆ, ಸಡಿಲಿಸಿ ಕೆಳಕ್ಕೆ ಜಾರಿಸಿ. ಐವತ್ತು ವರ್ಷದ ಬಣ್ಣ ಮತ್ತು ತುಕ್ಕು ತುಂಬಿರುತ್ತದೆ. ಉಪ್ಪು ಕಾಗದದಿಂದ ಉಜ್ಜಬೇಡಿ, ಅಂಕಿ ಸವೆದುಹೋಗುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿದ ಬಟ್ಟೆಯನ್ನು ಒಂದು ರಾತ್ರಿ ಸುತ್ತಿಟ್ಟು ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಆಮೇಲೆ ಬಿಳಿ ಸೀಮೆಸುಣ್ಣ ಉಜ್ಜಿದರೆ ಅಂಕಿಗಳು ಎದ್ದು ಕಾಣುತ್ತವೆ.

ಕುವೆಂಪುನಗರ ನಿವಾಸಿ, ಮೈಸೂರು | ಸೋಮವಾರ, ಬೆಳಿಗ್ಗೆ 7.20

ಪಟ್ಟಿಯ ಕೆಳಗೇ ಇತ್ತು. ಆರು ಅಂಕಿ. ಅಜ್ಜ ಕನ್ನಡಕ ಹಾಕಿಕೊಂಡು ತಾವೇ ಓದಿ ಹೇಳಿದರು, ಮಗಳು ಹದಿನೆಂಟನೆಯದಾಗಿ ಬರೆದುಕೊಂಡಳು.